ಯಾವ ಕಾಲು ಬಿಳಿ

ಚಂಪಿ ಬಂದ ಎಂಟು ದಿನದೊಳಗೆ ಮನೆಯವರಿಗೆಲ್ಲ ಹೊಂದಿಕೊಂಡಿತು, ಕಲ್ಲಣ್ಣನೊಬ್ಬನನ್ನು ಬಿಟ್ಟು. ಹೆಂಡತಿ ಸಾವಂತ್ರೆವ್ವ ಒಲೆಯ ಮುಂದೆ ಕೂತರೆ ಅವಳ ಸೆರಗು ಮೂಸಿ ಪಕ್ಕದಲ್ಲೇ ಮಲಗುತ್ತಿತ್ತು. ಮಗಳು ಪ್ರಿಯಾ ಕೆಲಸ ಮುಗಿಸಿ ಬಂದರೆ ಬಾಲದ ತುದಿಯನ್ನಾದರೂ ಆಡಿಸುತ್ತಿತ್ತು. ಕಲ್ಲಣ್ಣ ಮಗ್ಗದ ಕುಣಿಯಿಂದ ಎದ್ದು ನಿಂತನೆಂದರೆ ಮಾತ್ರ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಹಿಂದಕ್ಕೆ ಸರಿದು ಸರಿದು, ಹಿತ್ತಲಿನ ನೀರಿನ ಡ್ರಮ್ಮಿನ ಹಿಂದೆ ಹೋಗಿ ಸೇರುತ್ತಿತ್ತು. ಅವನು ಮತ್ತೆ ಕುಣಿಗೆ ಇಳಿಯುವ ಇಲ್ಲವೆ ಮರೆಯಾಗುವ ತನಕ ಅಲ್ಲಿಂದ ಅಲುಗುತ್ತಿರಲಿಲ್ಲ.

ಇದು ಯಾಕೆಂದು ಕಲ್ಲಣ್ಣನಿಗೆ ತಿಳಿಯದೆ ಹೋಯಿತು. ಬೆಟಗೇರಿಯ ಆ ಓಣಿಯಲ್ಲಿ ಅವನಷ್ಟು ಸಾಧು ಮನುಷ್ಯ ಇಲ್ಲವೆಂದು ಹೆಸರಿತ್ತು. ಐವತ್ತೆರಡು ವರ್ಷವಾದರೂ ಯಾರೊಡನೆಯೂ ದನಿ ಎತ್ತಿ ಮಾತಾಡಿದವನಲ್ಲ. ಪಕ್ಕದ ಮನೆಯ ಮಕ್ಕಳು ಬಂದು ನೂಲಿನ ಉಂಡೆ ಉರುಳಿಸಿದರೂ ನಕ್ಕು ಎತ್ತಿಡುವವನು.

ನಾಯಿಯನ್ನು ತಂದವಳು ಪ್ರಿಯಾ. ಅವಳಿಗೆ ನಾಗಾವಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ಒಂದು ಸಂಜೆ ಬಸ್ಸಿಗೆ ಕಾಯುವಾಗ ರಸ್ತೆಯ ಮೋರಿಯ ಕೆಳಗೆ ಇದು ಬಿದ್ದಿತ್ತಂತೆ. ಎಲುಬು ಎಣಿಸಬಹುದಾದಷ್ಟು ಸೊರಗಿತ್ತು, ಮೈಯೆಲ್ಲ ಉಣ್ಣೆಹುಳ. ಕಂದು ಬಣ್ಣ, ಮುಂದಿನ ಎಡಗಾಲಿನ ಪಾದ ಬೆಳ್ಳಗೆ, ಹಿಂದಿನ ಒಂದು ಕಾಲು ಹಳೆಯ ಪೆಟ್ಟಿನಿಂದ ತುಸು ಸೊಟ್ಟ. ಬೀದಿನಾಯಿಗಳನ್ನು ನೋಡಿಕೊಳ್ಳಲು ಶಿವಲಕ್ಷ್ಮಿಯೆಂಬ ಹುಡುಗಿ ಮಲ್ಲಸಮುದ್ರದ ಹಾದಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದಳು. ಪ್ರಿಯಾ ಅವಳಿಗೆ ಫೋನು ಮಾಡಿದಳು. ಶೆಡ್ಡಿನಲ್ಲಿ ಮೂರು ವಾರ ಆರೈಕೆಯಾಯಿತು. ಆಮೇಲೆ, "ಇಲ್ಲಿ ಮೂವತ್ತು ನಾಯಿ ಅದಾವು, ಗದ್ದಲಕ್ಕ ಇದು ಊಟಾನ ಬಿಟ್ಟೈತಿ. ಎರಡು ತಿಂಗಳು ನಿಮ್ಮ ಮನ್ಯಾಗ ಇಟ್ಕೋರಿ, ಅಷ್ಟರಾಗ ಯಾರರ ಸಾಕಾವ್ರು ಸಿಗ್ತಾರ," ಎಂದು ಶಿವಲಕ್ಷ್ಮಿ ತಾನೇ ತಂದು ಬಿಟ್ಟುಹೋದಳು.

ಹೋಗುವಾಗ ಕಟ್ಟೆಯ ಮೇಲೆ ಕೂತು ಕಲ್ಲಣ್ಣನಿಗೆ ಪಾಠ ಹೇಳಿದ್ದಳು.

"ಕಾಕಾ, ಮೊದಲನೇದು, ಹೊಡಿಯೂದಿಲ್ಲ, ಬೈಯೂದಿಲ್ಲ. ತಪ್ಪು ಮಾಡಿದ್ರ ನೋಡಲಿಲ್ಲ ಅನ್ನೂ ಹಂಗ ಇರ್ರಿ. ಛಲೋದು ಮಾಡಿತು ಅಂದ್ರ ಆ ಕ್ಷಣಕ್ಕ ಒಂದು ಮಾತು ಅನ್ರಿ, ಒಂದು ಚೂರು ತಿನಿಸು ಹಾಕ್ರಿ. ಮಾತು ಯಾವುದರ ಇರಲಿ, ದಿನಾ ಅದ ಇರಬೇಕು."

"ಛಲೋದು ಅಂದ್ರ ಏನು ಮಾಡಬೇಕು ಅದು?"

"ಸುಮ್ಮನ ಕುಂತ್ರ ಅದೂ ಛಲೋದ."

"ಸುಮ್ಮನ ಕುಂತಿದ್ದಕ್ಕ ತಿನಿಸ?" ಕಲ್ಲಣ್ಣನಿಗೆ ನಗು ಬಂತು. "ತಂಗಿ, ನಾ ನಲವತ್ತು ವರ್ಷದಿಂದ ಈ ಮಗ್ಗದಾಗ ಕುಂತೀನಿ. ನನಗ ಯಾರೂ ಒಂದು ಶೇಂಗಾಕಾಳು ಹಾಕಿಲ್ಲ."

ಅವನ ಅಪ್ಪ ಅವನಿಗೆ ನೇಯ್ಗೆ ಕಲಿಸಿದ್ದು ಲಾಳಿಯಿಂದ ಬೆರಳ ಗೆಣ್ಣಿಗೆ ಕುಟ್ಟಿ ಕುಟ್ಟಿ. ಎಳೆ ತಪ್ಪಿದರೆ ಪೆಟ್ಟು, ತಪ್ಪದಿದ್ದರೆ ಮಾತಿಲ್ಲ. ಕಲಿಸುವುದೆಂದರೆ ಅದೇ ಎಂದು ತಿಳಿದಿದ್ದವನಿಗೆ ಈ ತಲೆಕೆಳಗಿನ ವಿದ್ಯೆ ಎಲ್ಲಿಂದ ಹಿಡಿಯಬೇಕೆಂದೇ ಗೊತ್ತಾಗಲಿಲ್ಲ. ಆದರೂ ಮಗಳ ಮಾತಿಗೆ ಒಪ್ಪಿದ. ಮಾತು 'ಭೇಷ್' ಎಂದು ಗೊತ್ತಾಯಿತು, ತಿನಿಸು ಕಟಕರೊಟ್ಟಿಯ ಚೂರು ಎಂದಾಯಿತು. ಅಂಗಿಯ ಎಡ ಕಿಸೆಯಲ್ಲಿ ರೊಟ್ಟಿ ಮುರಿದು ತುಂಬಿಕೊಂಡು ಕುಣಿಗೆ ಇಳಿಯುವುದು ರೂಢಿಯಾಯಿತು.

ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅವನದು. ಒಂದು ದಿನ ಅವನು ಊಟಕ್ಕೆ ಎದ್ದಾಗ ಚಂಪಿ ಹೇಗೋ ಆ ಕುಣಿಯೊಳಗೆ ಇಳಿದು ಕೂತುಬಿಟ್ಟಿತು. ಮೇಲೆ ಬಿಗಿದ ಉದ್ದೆಳೆಗಳ ಹಾಸು, ಒಂದು ಸಲ ಗಾಬರಿಯಾಗಿ ಹಾರಿತೆಂದರೆ ಸಾವಿರ ಎಳೆ ಹೋಗುತ್ತವೆ. ಬೈಯುವಂತಿಲ್ಲ. ಕಲ್ಲಣ್ಣ ದೂರ ನಿಂತು ಒಂದು ಚೂರು ರೊಟ್ಟಿ ಎಸೆದ. ಅದು ಮೆಲ್ಲಗೆ ಹೊರಗೆ ಬಂತು. "ಭೇಷ್!" ಎಂದು ಇನ್ನೊಂದು ಎಸೆದ. ತನಗೂ ವಿದ್ಯೆ ಹತ್ತಿತೆಂದು ಹಿಗ್ಗಿದ.

ಮರುದಿನ ಅದು ಎರಡು ಸಲ ಕುಣಿಗೆ ಇಳಿಯಿತು. ಅದರ ಮರುದಿನ ಐದು ಸಲ. ವಾರ ಕಳೆಯುವಷ್ಟರಲ್ಲಿ, ಅವನು ನೀರು ಕುಡಿಯಲು ಒಳಗೆ ಹೋದರೂ ಸಾಕು, ಚಂಪಿ ಓಡಿಬಂದು ಕುಣಿಗೆ ಇಳಿದು, ಆ ಮರೆಯ ಧೈರ್ಯದಲ್ಲಿ ತಲೆ ಮೇಲೆತ್ತಿ ಅವನ ಕಿಸೆಯನ್ನೇ ನೋಡುತ್ತ ಕೂಡುವುದು.

ಫೋನಿನಲ್ಲಿ ಕೇಳಿಸಿಕೊಂಡ ಶಿವಲಕ್ಷ್ಮಿ ನಕ್ಕು ನಕ್ಕು ಸುಸ್ತಾದಳು. "ಕಾಕಾ, ಹೊರಗ ಬಂದ್ರ ರೊಟ್ಟಿ ಸಿಗತೈತಿ ಅಂದ್ರ, ಹೊರಗ ಬರಾಕ ಮೊದಲ ಒಳಗ ಹೋಗಬೇಕಲ್ರಿ! ನೀವು ಅದಕ್ಕ ಕುಣಿಗೆ ಇಳಿಯೂದು ಕಲಿಸೀರಿ. ಒಳಗ ಹೋಗೂಕಿಂತ ಮೊದಲ ಕೊಡ್ರಿ. ಒಂದು ಚೀಲ ಹಾಸ್ರಿ, ಅದರ ಮ್ಯಾಲ ಕಾಲಿಟ್ರ ಕೊಡ್ರಿ, ಕುಂತ್ರ ಕೊಡ್ರಿ."

ಹಾಗೆ ಮಾಡಿದ್ದಕ್ಕೆ ಹತ್ತು ಹನ್ನೆರಡು ದಿನದಲ್ಲಿ ಚಂಪಿ ಮಗ್ಗದಿಂದ ನಾಲ್ಕು ಮೊಳ ದೂರದ ಗೋಣಿಚೀಲದ ಮೇಲೆ ಕೂಡಲು ಕಲಿಯಿತು. ಖಟ್ ಖಟ್ ಸದ್ದಿಗೆ ಮೊದಲು ಕಿವಿ ಹಿಂದಕ್ಕೆ ಮಡಚುತ್ತಿತ್ತು, ಆಮೇಲೆ ಅದನ್ನೂ ಬಿಟ್ಟಿತು. ಇಷ್ಟಾದರೂ ಕಲ್ಲಣ್ಣ ಎದ್ದು ನಿಂತರೆ ಅದೇ ಕಥೆ. ಕೈಯಲ್ಲಿ ಏನಾದರೂ ಹಿಡಿದು ಎದ್ದರಂತೂ ಮುಗಿಯಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಡ್ರಮ್ಮಿನ ಹಿಂದೆ ಓಡುತ್ತಿತ್ತು.

ಹಾಗೆ ಓಡುವುದನ್ನು ಒಂದು ಮಧ್ಯಾಹ್ನ ಹಿಂದಿನಿಂದ ನೋಡಿದ ಕಲ್ಲಣ್ಣ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. ಹೊಸ್ತಿಲು ದಾಟುವಾಗ ಎತ್ತಿದ ಬಿಳಿ ಪಾದ. ಅದನ್ನು ತಾನು ಎಲ್ಲೋ ನೋಡಿದ್ದೇನೆ.

ಮೂರು ವರ್ಷದ ಹಿಂದಿನ ಶ್ರಾವಣ. ಸಾವಂತ್ರೆವ್ವ ಮಗಳನ್ನು ಕರೆದುಕೊಂಡು ಮುಂಡರಗಿಯ ತವರಿಗೆ ಹೋಗಿದ್ದಳು. ಹೊರಗೆ ಜಿಟಿಜಿಟಿ ಮಳೆ. ಕಲ್ಲಣ್ಣ ಬಾಗಿಲು ಮುಂದೆ ಮಾಡಿ ಚಹಾ ಕುಡಿದು ಬರುವಷ್ಟರಲ್ಲಿ ಒಂದು ನಾಯಿ ಒಳಗೆ ನುಗ್ಗಿ, ಮಗ್ಗಕ್ಕೆ ಏರಿಸಲು ಹರವಿಟ್ಟಿದ್ದ ಹಾಸಿನ ಮೇಲೆ ಕೆಸರುಗಾಲಿನಲ್ಲಿ ಮುದುಡಿ ಮಲಗಿತ್ತು. ಎಂಟು ದಿನದ ದುಡಿಮೆ. ಅವನ ಕೈಗೆ ಸಿಕ್ಕಿದ್ದು ಹಾಸು ಸುತ್ತುವ ಕೋಲು. ಎಷ್ಟು ಸಲ ಹೊಡೆದನೋ ಅವನಿಗೇ ಲೆಕ್ಕವಿಲ್ಲ. ನಾಯಿಗೆ ಬಾಗಿಲು ಸಿಗಲಿಲ್ಲ, ಗೋಡೆಯಿಂದ ಗೋಡೆಗೆ ಓಡಿತು. ಕಡೆಗೆ ಹೊಸ್ತಿಲು ಹಾರಿ ಹೋದಾಗ ಹಿಂದಿನ ಕಾಲು ಎಳೆಯುತ್ತಿತ್ತು. ಕಂದು ನಾಯಿ. ಒಂದು ಪಾದ ಬೆಳ್ಳಗಿತ್ತು. ಎರಡು ದಿನ ಕೂತು ಎಳೆ ಕೂಡಿಸಿದ್ದ. ಆ ಮಾತನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಯಾವ ಪಾದ ಬೆಳ್ಳಗಿತ್ತು? ಎಡವೋ, ಬಲವೋ? ಎಳೆದದ್ದು ಯಾವ ಕಾಲು? ಕಣ್ಣು ಮುಚ್ಚಿ ನೆನೆದರೆ ಒಮ್ಮೆ ಎಡ ಕಾಣುತ್ತಿತ್ತು, ಇನ್ನೊಮ್ಮೆ ಬಲ. ಗದಗ ಬೆಟಗೇರಿಯಲ್ಲಿ ಕಂದು ನಾಯಿಗೇನು ಬರವೇ ಎಂದು ತನಗೆ ತಾನೇ ಹೇಳಿಕೊಂಡ. ನಾಗಾವಿಯೆಲ್ಲಿ, ಬೆಟಗೇರಿಯೆಲ್ಲಿ ಎಂದೂ ಹೇಳಿಕೊಂಡ. ಆದರೆ ಹಾಸು ನೇಯ್ದು ಮುಗಿಸುವ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ.

ಲಸಿಕೆ ಹಾಕಿಸಲು ಮಲ್ಲಸಮುದ್ರದ ಶೆಡ್ಡಿಗೆ ಹೋದಾಗ ಸುತ್ತಿ ಬಳಸಿ ಕೇಳಿದ. "ತಂಗಿ, ಹೊಡದವ್ರನ್ನ ನಾಯಿ ನೆನಪು ಇಡತಾವೇನು?"

"ಇಡತಾವು ಕಾಕಾ. ಆದ್ರ ಏನು ನೆನಪು ಇಡತಾವು ಅಂತ ಹೇಳಾಕ ಬರೂದಿಲ್ಲ. ಕೆಲವಕ್ಕ ಆ ಮನಷಾ, ಕೆಲವಕ್ಕ ಬರೇ ಕೋಲು. ಒಂದು ನಾಯಿ ಬಿಳಿ ಧೋತ್ರ ಕಂಡ್ರ ಸಾಕು ಅಂಜತಿತ್ತು, ಯಾವ ಧೋತ್ರ ಏನು ಮಾಡಿತ್ತೋ ಯಾರಿಗೆ ಗೊತ್ತು?" ಎಂದಳು ಶಿವಲಕ್ಷ್ಮಿ, ಸೂಜಿಗೆ ಔಷಧ ಎಳೆಯುತ್ತ. "ಯಾಕ ಕೇಳಿದ್ರಿ?"

"ಸುಮ್ಮನ," ಎಂದ ಕಲ್ಲಣ್ಣ.

ಸಾವಂತ್ರೆವ್ವನಿಗೆ ಗಂಡನ ಲಕ್ಷಣ ತಿಳಿಯದೆ ಇರುತ್ತದೆಯೇ? ಊಟ ಕಡಿಮೆಯಾಗಿತ್ತು, ಎಳೆ ತಪ್ಪುತ್ತಿತ್ತು. "ನಾಯಿ ಹತ್ರ ಬರವಲ್ದು ಅಂತ ಇಷ್ಟು ಮನಸಿಗೆ ಹಚ್ಕೊಂಡ್ರ ಹೆಂಗ್ರಿ? ಅದಕ್ಕ ನಿಮ್ಮ ಮೀಸಿ ಸೇರಿರಾಕಿಲ್ಲ," ಎಂದಳು. ಅವನು ಮರುದಿನ ಮೀಸೆ ತೆಗೆಸಿಕೊಂಡು ಬಂದ. ಹೆಂಡತಿ, ಮಗಳು ಬಾಯಿ ಬಿಟ್ಟು ನೋಡಿದರು. ಚಂಪಿ ಎಂದಿನಂತೆ ಡ್ರಮ್ಮಿನ ಹಿಂದೆ ಹೋಯಿತು.

ಎರಡು ತಿಂಗಳು ತುಂಬಲು ನಾಲ್ಕು ದಿನವಿದ್ದಾಗ ಬಾಳೆಹೊಸೂರಿನಿಂದ ಫೋನು ಬಂತು. ಶಿವಲಕ್ಷ್ಮಿ ವಾಟ್ಸಾಪಿನಲ್ಲಿ ಹಾಕಿದ್ದ ಫೋಟೋ ಕೈಯಿಂದ ಕೈಗೆ ಹೋಗಿ ಅಲ್ಲಿಯ ರೈತ ದ್ಯಾಮಪ್ಪನನ್ನು ಮುಟ್ಟಿತ್ತು. ಅದು ನಮ್ಮ ನಾಯಿ, ಹೆಸರು ರಾಣಿ, ಹೋದ ವರ್ಷ ಲಕ್ಷ್ಮೇಶ್ವರದ ಸಂತೆಯಲ್ಲಿ ಟ್ರ್ಯಾಕ್ಟರಿನಿಂದ ಇಳಿದದ್ದು ಮತ್ತೆ ಸಿಗಲಿಲ್ಲ ಎಂದ. ಮರುದಿನವೇ ಹೆಂಡತಿ ಶಾರದವ್ವನನ್ನು ಕರೆದುಕೊಂಡು ಬೆಟಗೇರಿಗೆ ಬಂದಿಳಿದ. ಎತ್ತರದ ಆಳು, ಅರವತ್ತರ ಆಸುಪಾಸು. ಶಾರದವ್ವ ಬುತ್ತಿಯಲ್ಲಿ ರಾಣಿಗೆಂದು ಗೋಧಿ ಬೆಲ್ಲದ ಮಾದಲಿ ಕಟ್ಟಿಕೊಂಡು ಬಂದಿದ್ದಳು.

"ಎಷ್ಟು ವರ್ಷದಿಂದ ಇತ್ರಿ ನಿಮ್ಮ ಹಂತ್ಯಾಕ?" ಕಲ್ಲಣ್ಣ ಕೇಳಿದ.

"ಮರಿ ಇದ್ದಾಗಿಂದ್ರಿ. ಈಗ ಇದಕ್ಕ ಐದು ವರ್ಷ ಆದ್ವು. ಊರು ಬಿಟ್ಟು ಎಲ್ಲೂ ಹೋಗಿದ್ದಿಲ್ಲ, ಆವತ್ತು ಸಂತಿಗೆ ಬಂದಿದ್ದ ಮೊದಲು. ಕಾಲು ನೆಟ್ಟಗಿತ್ತು, ಕಳದ ಮ್ಯಾಲ ಪೆಟ್ಟು ಬಿದ್ದಿರಬೇಕು."

ಕಲ್ಲಣ್ಣ ಒಳಗೊಳಗೇ ತೂಗಿದ. ಇದು ರಾಣಿಯೇ ಆಗಿದ್ದರೆ ಮೂರು ವರ್ಷದ ಹಿಂದೆ ಬಾಳೆಹೊಸೂರಿನಲ್ಲಿತ್ತು. ತಾನು ಹೊಡೆದದ್ದು ಇದಲ್ಲ. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಆದರೆ ಆಗ ಚಂಪಿ ಹೋಗುತ್ತದೆ. ರಾಣಿ ಅಲ್ಲದಿದ್ದರೆ ಚಂಪಿ ಉಳಿಯುತ್ತದೆ, ಅದರ ಜೊತೆಗೆ ಆ ಕೋಲೂ ಉಳಿಯುತ್ತದೆ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕು?

ದ್ಯಾಮಪ್ಪ ಫೋನು ತೆಗೆದು ಫೋಟೋ ತೋರಿಸಿದ. ಮೊಮ್ಮಗಳು ಶಾಂಭವಿ ನಾಯಿಯ ಕೊರಳಿಗೆ ಕೈ ಹಾಕಿ ತಾನೇ ತೆಗೆದುಕೊಂಡದ್ದು. ಕಂದು ನಾಯಿ, ಬಿಳಿ ಪಾದ. ಎಲ್ಲರೂ ಬಗ್ಗಿ ನೋಡಿದರು.

"ಇದರಾಗ ಬಲಗಾಲು ಬಿಳಿ ಐತಲ್ಲ," ಎಂದಳು ಸಾವಂತ್ರೆವ್ವ. "ನಮ್ಮ ಚಂಪಿದು ಎಡಗಾಲು."

"ಅವ್ವಾ, ಸೆಲ್ಫಿ ಒಳಗ ಎಡ ಬಲ ಅದಲಾಬದಲಿ ಆಗತೈತಿ," ಎಂದಳು ಪ್ರಿಯಾ.

"ಹಂಗಾರ ಇದಾ ಅದು!" ಎಂದ ದ್ಯಾಮಪ್ಪ.

"ಎಲ್ಲಾ ಫೋನಿನಾಗ ಆಗೂದಿಲ್ಲ ಕಾಕಾ. ಕೆಲವು ಫೋನು ತಾವ ತಿರುಗಿಸಿ ಸರಿ ಮಾಡ್ತಾವು," ಎಂದು ಪ್ರಿಯಾ ತಿದ್ದಿದಳು.

"ಇದನ್ನ ತಗದದ್ದು ಯಾವ ನಮೂನಿ ಫೋನು?" ಕಲ್ಲಣ್ಣ ಕೇಳಿದ.

"ಶಾಂಭವಿದು ಹಳೇ ಫೋನು, ಅದು ಹಾಳಾಗಿ ಹೋತು," ಎಂದಳು ಶಾರದವ್ವ.

"ಕರೀರಿ, ನೋಡೂಣು," ಎಂದ ಕಲ್ಲಣ್ಣ.

ಶಾರದವ್ವ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, "ರಾಣೀ, ಬಾರ ನನ್ನವ್ವ," ಎಂದಳು. ಚಂಪಿ ಗೋಣಿಚೀಲದಿಂದ ಎದ್ದು, ಬಾಲ ಆಡಿಸುತ್ತ ನೆಟ್ಟಗೆ ಅವಳ ಹತ್ತಿರ ಹೋಯಿತು. ಶಾರದವ್ವನ ಕಣ್ಣಲ್ಲಿ ನೀರು ಬಂತು. ಕಲ್ಲಣ್ಣ ಗೋಡೆಗೆ ಒರಗಿದ.

"ತಡೀರಿ," ಎಂದಳು ಸಾವಂತ್ರೆವ್ವ. ತಾನೂ ಇನ್ನೊಂದು ಮೂಲೆಯಲ್ಲಿ ಕೂತು, ಅದೇ ರಾಗದಲ್ಲಿ, "ಮುದಕಪ್ಪಾ, ಬಾರೋ ನನ್ನಪ್ಪ," ಎಂದಳು. ಚಂಪಿ ಅಷ್ಟೇ ಸಡಗರದಿಂದ ಅವಳ ಹತ್ತಿರವೂ ಓಡಿತು. ಕೂತು ಮೆಲ್ಲಗೆ ಕರೆದವರ ಬಳಿ ರೊಟ್ಟಿ ಇರುತ್ತದೆಂದು ಈ ಎರಡು ತಿಂಗಳು ಅದಕ್ಕೆ ಕಲಿಸಿದವರು ಇವರೇ.

ದ್ಯಾಮಪ್ಪ ತಲೆ ಕೆರೆದುಕೊಂಡ. "ಮನಿಗೆ ಒಯ್ದು ನೋಡೂಣು. ಮನಿ ನೋಡಿದ್ರ ಗುರುತು ಹಿಡೀತೈತಿ." ಹಾಗೇ ಆಗಲಿ ಎಂದಾಯಿತು. ನಾಯಿಗೆ ಗಾಬರಿಯಾಗದ ಹಾಗೆ ಜೊತೆಗೆ ಒಬ್ಬರು ಬರಬೇಕಿತ್ತು. ಕಲ್ಲಣ್ಣ ತಾನೇ ಹೊರಟ. ಯಾಕೆ ಹೊರಟೆನೆಂದು ಅವನಿಗೆ ದಾರಿಯುದ್ದಕ್ಕೂ ಅರ್ಥವಾಗಲಿಲ್ಲ.

ನೂಲಿನ ಮೂಟೆ ಸಾಗಿಸುವ ಮಾಶಾಕನ ಗೂಡ್ಸ್ ಆಟೋದಲ್ಲಿ ಮರುದಿನ ಮುಂಜಾನೆ ಬಿಟ್ಟು, ಶಿರಹಟ್ಟಿ ದಾಟಿ, ಲಕ್ಷ್ಮೇಶ್ವರದಲ್ಲಿ ಚಹಾ ಕುಡಿದು, ಹೊತ್ತು ನೆತ್ತಿಗೆ ಬರುವಾಗ ಬಾಳೆಹೊಸೂರು ಮುಟ್ಟಿದರು. ಮುಂದೆ ದ್ಯಾಮಪ್ಪ, ಶಾರದವ್ವ. ಹಿಂದೆ ಚೀಲದ ಮೇಲೆ ಚಂಪಿ ಒಂದು ಮೂಲೆಗೆ, ಕಲ್ಲಣ್ಣ ಇನ್ನೊಂದು ಮೂಲೆಗೆ. ದಾರಿಯಲ್ಲಿ ಅವನು ಎದ್ದು ನಿಲ್ಲಲಿಲ್ಲ.

ದ್ಯಾಮಪ್ಪನ ಮನೆಯ ಅಂಗಳ ದೊಡ್ಡದು. ಒಂದು ಕಡೆ ದನದ ಕೊಟ್ಟಿಗೆ, ಮುಂದೆ ದನ ಕುಡಿಯುವ ಕಲ್ಲಿನ ದೋಣಿಯ ತುಂಬ ನೀರು. ಇಳಿಸಿದೊಡನೆ ಚಂಪಿ ನೆಟ್ಟಗೆ ಆ ದೋಣಿಗೆ ಹೋಗಿ ಲೊಚಲೊಚ ನೀರು ಕುಡಿಯಿತು.

"ನೋಡ್ರಿ, ಗುರುತು ಹಿಡೀತು!" ಎಂದಳು ಶಾರದವ್ವ.

"ಇಷ್ಟು ಬಿಸಿಲಾಗ ಯಾವ ನಾಯಿ ಆದ್ರೂ ನೀರಿಗೆ ಹೋಗತೈತಿ ಬಿಡ," ಎಂದ ದ್ಯಾಮಪ್ಪ. ಆಮೇಲೆ ಅದು ಕೊಟ್ಟಿಗೆ ಮೂಸಿತು, ತುಳಸಿಕಟ್ಟೆ ಮೂಸಿತು, ಹೊಸ್ತಿಲು ಮೂಸಿ ಒಳಗೆ ಹೋಗದೆ ತಿರುಗಿತು. ಗುರುತೋ, ಅಪರಿಚಯವೋ, ನೋಡಿದವರಿಗೆ ಬೇಕಾದ ಹಾಗೆ ಕಾಣುತ್ತಿತ್ತು. ಕಲ್ಲಣ್ಣ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಅವನಿಗೆ ಒಮ್ಮೆ ಹೌದೆನಿಸಿದರೆ ಮರುಗಳಿಗೆಗೆ ಅಲ್ಲವೆನಿಸುತ್ತಿತ್ತು.

ಅಷ್ಟರಲ್ಲಿ ಕಟ್ಟು ಬಿಚ್ಚಿಕೊಂಡ ಒಂದು ಹೋರಿ ನೀರಿನ ದೋಣಿಯ ಕಡೆ ನುಗ್ಗಿತು. ಅದನ್ನು ತಿರುಗಿಸಲು ದ್ಯಾಮಪ್ಪ ಗೋಡೆಗೆ ಆನಿಸಿದ್ದ ಬಾರುಕೋಲು ಎತ್ತಿದ. ಎತ್ತಿದ್ದಷ್ಟೇ, ಯಾರಿಗೂ ಹೊಡೆಯಲಿಲ್ಲ. ಚಂಪಿ ಕಿರ್ರೆಂದು ಕಿರುಚಿತು. ಅಂಗಳದ ಬಾಗಿಲು ಹಾಕಿತ್ತು. ಗೋಡೆಯಿಂದ ಗೋಡೆಗೆ, ಮೂಲೆಯಿಂದ ಮೂಲೆಗೆ ಓಡಿತು. ಆ ಓಟವನ್ನು ಕಲ್ಲಣ್ಣ ಮೊದಲೂ ನೋಡಿದ್ದ. ಮೂರನೆಯ ಸುತ್ತಿಗೆ ಅದು ಕಟ್ಟೆಯ ಕಡೆ ತಿರುಗಿ, ಅವನ ಇಳಿಬಿಟ್ಟ ಕಾಲುಗಳ ನಡುವೆ ತೂರಿಕೊಂಡು, ಮೈಯನ್ನು ಅವನ ಮೀನಖಂಡಕ್ಕೆ ಒತ್ತಿ ನಿಂತಿತು.

ಅದು ನಡುಗುವುದು ಅವನ ಎಲುಬಿಗೆ ತಾಗುತ್ತಿತ್ತು. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಊರಿ ಕೂತುಬಿಟ್ಟ. ಉಸಿರನ್ನೂ ಸಣ್ಣಗೆ ಬಿಟ್ಟ.

ದ್ಯಾಮಪ್ಪ ಬಾರುಕೋಲು ಕೆಳಗಿಟ್ಟ. ಬಹಳ ಹೊತ್ತು ನಾಯಿಯನ್ನೇ ನೋಡಿದ. "ಇದು ನಮ್ಮ ರಾಣಿ ಅಲ್ಲರಿ," ಎಂದ ಕಡೆಗೆ. "ರಾಣಿ ಈ ಬಾರುಕೋಲು ಕಚ್ಕೊಂಡು ಅಂಗಳ ತುಂಬ ಆಡತಿತ್ತು."

"ಅಲ್ಲ ಅಂತ ಹೆಂಗ ಹೇಳ್ತೀರಿ?" ಶಾರದವ್ವ ಅಡ್ಡ ಬಂದಳು. "ವರ್ಷ ಆತು ಕಳದು. ಅಷ್ಟರಾಗ ಯಾರು ಏನು ಮಾಡಿದ್ರೋ, ಯಾವನ ಕೈಯಾಗ ಸಿಕ್ಕಿತ್ತೋ."

ಯಾವನ ಕೈಯಾಗ ಎಂಬ ಮಾತು ಕಲ್ಲಣ್ಣನಿಗೆ ನಾಟಿತು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಕಾಲಿಗೆ ಆನಿಕೊಂಡ ಆ ನಡುಕದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಮೂರು ವರ್ಷದ ಹಿಂದ ನಾ ಒಂದು ನಾಯಿಗೆ ಹೊಡದಿದ್ದೆ," ಎಂದ. "ಕಾಲು ಮುರಿಯೂ ಹಂಗ ಹೊಡದಿದ್ದೆ. ಅದೂ ಕಂದು, ಅದರದೂ ಒಂದು ಪಾದ ಬಿಳಿ. ಇದ ಅದಾ ಏನು, ನನಗ ಗೊತ್ತಿಲ್ಲ. ನಿಮ್ಮ ರಾಣಿ ಆಗಿದ್ರ ಇದು ಅದಲ್ಲ. ಅದಕ್ಕ ಬಂದೆ ನೋಡ್ರಿ ನಾನು. ನಿಮ್ಮದ ಆಗಲಿ ಅಂತನೂ ಅನಸತಿತ್ತು, ಆಗಬಾರದು ಅಂತನೂ ಅನಸತಿತ್ತು."

ಶಾರದವ್ವ ಸೆರಗು ಬಾಯಿಗೆ ಹಿಡಿದಳು. ದ್ಯಾಮಪ್ಪ ಅವನ ಎದುರಿಗೆ ನೆಲದ ಮೇಲೆ ಕೂತ.

"ಹೊಡದಾವ ನೀವ ಆಗಿದ್ರ ಈಗ ಬಂದು ನಿಮ್ಮ ಕಾಲಾಗ ಯಾಕ ಸೇರತಿತ್ರಿ?"

"ಅದ ನನಗ ತಿಳೀವಲ್ದು," ಎಂದ ಕಲ್ಲಣ್ಣ. "ಬ್ಯಾರೆ ಜಾಗಾ ಸಿಗಲಾರದ್ದಕ್ಕ ಬಂತೋ, ನಾನ ಬೇಕಂತ ಬಂತೋ. ಏನೂ ತಿಳೀವಲ್ದು."

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಶಾರದವ್ವ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಮಾದಲಿ ತಂದು ನಾಯಿಯ ಮುಂದೆ ಇಟ್ಟಳು. ಚಂಪಿ ಅವನ ಕಾಲುಗಳ ನಡುವಿನಿಂದ ತಲೆಯನ್ನಷ್ಟೇ ಚಾಚಿ ತಿಂದಿತು.

"ಒಯ್ಯಿರಿ ನೀವು," ಎಂದ ದ್ಯಾಮಪ್ಪ, ಆಟೋ ಹೊರಡುವಾಗ. "ನಮ್ಮದ ಆಗಿದ್ರೂ ಒಯ್ಯಿರಿ." ಶಾರದವ್ವ ತಲೆಯಾಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಇಳಿಸಂಜೆಯಲ್ಲಿ ಆಟೋ ಊರ ಅಗಸಿ ದಾಟುವ ತನಕ ಬಾಗಿಲಲ್ಲೇ ನಿಂತಿದ್ದಳು.

ಕಲ್ಲಣ್ಣ ಮನೆಗೆ ಬಂದು ಹೆಂಡತಿ ಮಗಳಿಗೆ ಎಲ್ಲವನ್ನೂ ಹೇಳಿದ, ಮೂರು ವರ್ಷದ ಹಿಂದಿನದ್ದನ್ನೂ. ಪ್ರಿಯಾ ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ರೊಟ್ಟಿ ಮುರಿದು ತಂದು ಅವನ ಮುಂದೆ ಇಟ್ಟಳು. ಸಾವಂತ್ರೆವ್ವ ಮಾತ್ರ ಅಂದೇ, "ಅವತ್ತು ಹಾಸು ಮಳಿಗೆ ಕೆಟ್ಟಿತು ಅಂದಿದ್ರಿ ನನ್ನ ಮುಂದ," ಎಂದು ಅವನಿಗೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯತೊಡಗಿದಳು.

ಚಂಪಿ ಈಗಲೂ ಕಲ್ಲಣ್ಣ ಎದ್ದು ನಿಂತರೆ ಕೆಲವು ದಿನ ಡ್ರಮ್ಮಿನ ಹಿಂದೆ ಹೋಗುತ್ತದೆ, ಕೆಲವು ದಿನ ಹೋಗುವುದಿಲ್ಲ. ಯಾವ ದಿನ ಯಾಕೆ ಎಂದು ಅವನು ಹಾಜರಿ ಪುಸ್ತಕದಂತೆ ಬರೆದಿಟ್ಟು ನೋಡಿದ, ತಾಳೆಯಾಗಲಿಲ್ಲ. ಶಿವಲಕ್ಷ್ಮಿಗೂ ಎಲ್ಲ ಹೇಳಿದ್ದ. ಅವಳು, "ನಾಳಿಂದ ನಿಂತು ರೊಟ್ಟಿ ಕೊಡೂದು ಶುರು ಮಾಡ್ರಿ ಕಾಕಾ. ಮೊದಲ ಬಗ್ಗಿ ನಿಲ್ರಿ, ಆಮ್ಯಾಲ ಪೂರ್ತಿ," ಎಂದಳು, ಅಷ್ಟೇ.

ದೀಪಾವಳಿ ಕಳೆದ ಮೇಲೆ ದ್ಯಾಮಪ್ಪ, ಶಾರದವ್ವ ಇಬ್ಬರೂ ಮಲ್ಲಸಮುದ್ರಕ್ಕೆ ಬಂದು ಶೆಡ್ಡಿನಿಂದ ಒಂದು ಕಣ್ಣಿನ ಕರಿ ನಾಯಿಯನ್ನು ಆರಿಸಿದರು. ಅದನ್ನು ಪಳಗಿಸುವ ಬಗೆ ಹೇಳಿಕೊಡಲು ಶಿವಲಕ್ಷ್ಮಿ ಕಲ್ಲಣ್ಣನನ್ನು ಕರೆಸಿದಳು. "ನನಗ ಏನು ಗೊತ್ತೈತಿ ಅಂತ ಹೇಳಲಿ?" ಎಂದ ಅವನು. ಆದರೂ ಹೋದ. ಬಾಳೆಹೊಸೂರಿನ ಎತ್ತರದ ರೈತನನ್ನು ನೆಲದ ಮೇಲೆ ಕೂಡಿಸಿ, ನಾಯಿಗೆ ಮಗ್ಗುಲಾಗಿ ತಿರುಗಿಸಿ, "ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಕೈ ಹಿಂಗ ಕೆಳಗ ಇಡ್ರಿ. ಈಗ ಕಾಯ್ರಿ," ಎಂದ.

"ಎಷ್ಟೊತ್ತು ಕಾಯಬೇಕ್ರಿ?" ದ್ಯಾಮಪ್ಪ ಪಿಸುಗುಟ್ಟಿದ.

"ಅದು ಹೇಳಾಕ ಬರೂದಿಲ್ಲ," ಎಂದು ಕಲ್ಲಣ್ಣನೂ ಅವನ ಪಕ್ಕದಲ್ಲಿ ಕೂತ.